ಸಾಗುವಳಿ ಚೀಟಿಯಿಂದ ದಿವಾಳಿ ಅರ್ಜಿಯವರೆಗೆ: ವಕೀಲಿ ವೃತ್ತಿಯ ನನ್ನ ಅನುಭವ

ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ ಆಸ್ತಿ ದಾವೆಗಳಿಂದ ವೃತ್ತಿ ಆರಂಭಿಸಿದ ನಾನು ಈಗ ಹೆಚ್ಚಾಗಿ ವಾಣಿಜ್ಯ ನ್ಯಾಯಾಲಯದಲ್ಲೂ ಕಂಪನಿಗಳ ದಿವಾಳಿ ಅರ್ಜಿಗಳನ್ನು ಕೇಳುವ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದಲ್ಲೂ ವಾದಿಸುತ್ತೇನೆ. ಈ ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂದು ಕಿರಿಯ ವಕೀಲರು ಕೇಳುವುದುಂಟು. ನನ್ನ ಪಾಲಿಗೆ ಅವು ಬೇರೆಬೇರೆಯಾಗಿ ಉಳಿಯಲೇ ಇಲ್ಲ. ಕಂಪನಿ ಮುಳುಗಿದ ಮೇಲೆ ಬೆಲೆಯುಳ್ಳದ್ದಾಗಿ ಉಳಿಯುವುದು ಬಹಳ ಸಲ ಅದರ ಜಮೀನೊಂದೇ.

ಹಿರಿಯರ ಕಚೇರಿಯಲ್ಲಿ ನನಗೆ ಮೊದಲು ಸಿಕ್ಕ ಕೆಲಸ ಟೈಟಲ್ ಪರಿಶೀಲನೆ. ಮೂಲಪತ್ರ, ಪಹಣಿ, ಮ್ಯುಟೇಷನ್, ಭೂಪರಿವರ್ತನೆ ಆದೇಶ, ಖಾತೆಗಳನ್ನು ಇಸವಿವಾರು ಜೋಡಿಸಿ, ಕೊಂಡಿ ಎಲ್ಲಿ ತಪ್ಪಿದೆ ಎಂದು ಹುಡುಕಬೇಕಿತ್ತು. ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಜಮೀನು ಪರಿಶಿಷ್ಟ ಜಾತಿಯ ಕುಟುಂಬಕ್ಕೆ ಸರ್ಕಾರ ಮಂಜೂರು ಮಾಡಿದ್ದೇ, ಎಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತಿತ್ತೇ ಎಂಬುದು ಹಳೆಯ ಸಾಗುವಳಿ ಚೀಟಿಯಲ್ಲಿ, ಅಂದರೆ ಮಂಜೂರಾತಿ ಪತ್ರದಲ್ಲಿ, ಮಾಸಿದ ಕೈಬರಹದಲ್ಲಿ ಇರುತ್ತದೆ. ಇಂಥ ಮಂಜೂರಾದ ಜಮೀನುಗಳ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಷರತ್ತು ಮೀರಿದ ಮಾರಾಟ ಅನೂರ್ಜಿತ. 2023ರ ತಿದ್ದುಪಡಿ ಬಂದ ಮೇಲಂತೂ ಮಾರಾಟವನ್ನು ಬಹಳ ತಡವಾಗಿ ಪ್ರಶ್ನಿಸಿದ್ದಾರೆಂಬ ವಾದವನ್ನೇ ನೆಚ್ಚಿ ಕೂರುವುದು ಅಪಾಯ. 2016ರ ದಿವಾಳಿ ಸಂಹಿತೆ ಜಾರಿಗೆ ಬಂದಾಗ ಬ್ಯಾಲೆನ್ಸ್ ಶೀಟ್ ಓದುವವರು ಸಾಕಷ್ಟಿದ್ದರು, ಅಡಮಾನವಾದ ಜಮೀನಿನ ಈ ಕಾಗದಗಳನ್ನು ಓದುವವರು ಕಡಿಮೆ. ಆ ಕ್ಷೇತ್ರದ ಕೆಲಸ ನನ್ನ ಬಳಿಗೆ ಬಂದದ್ದು ಹೀಗೆ.

ಒಬ್ಬ ಕಕ್ಷಿದಾರರು ಕಂಪನಿಯೊಂದರಿಂದ ನಿವೇಶನ ಕೊಳ್ಳಲು ಕರಾರು ಮಾಡಿಕೊಂಡು, ಅದರ ಜಾರಿಗಾಗಿ ಹೂಡಿದ್ದ ದಾವೆ ಸಾಕ್ಷ್ಯದ ಹಂತದಲ್ಲಿದ್ದಾಗ, ಆ ಕಂಪನಿಯ ವಿರುದ್ಧದ ದಿವಾಳಿ ಅರ್ಜಿ ಅಂಗೀಕಾರವಾಯಿತು. ಸಂಹಿತೆಯ 14ನೇ ಕಲಮಿನ ತಡೆಯಿಂದ ದಾವೆ ಅಲ್ಲಿಗೇ ನಿಂತಿತು. "ನಾನು ಹಣ ಕೇಳುತ್ತಿಲ್ಲ, ಜಾಗ ಕೇಳುತ್ತಿದ್ದೇನೆ, ನನ್ನ ಕೇಸು ಯಾಕೆ ನಿಲ್ಲಬೇಕು?" ಎಂದು ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು, ಆದರೆ ಕಲಮು ಆ ಭೇದವನ್ನು ಮಾಡುವುದಿಲ್ಲ. ಕರಾರು, ಮುಂಗಡ ಪಾವತಿಯ ಬ್ಯಾಂಕ್ ದಾಖಲೆ, ದಾವೆಯ ಪ್ರತಿಗಳೊಂದಿಗೆ ದಿವಾಳಿ ಪ್ರಕ್ರಿಯೆ ನಡೆಸುವ ರೆಸಲ್ಯೂಷನ್ ವೃತ್ತಿಪರರ ಮುಂದೆ ಕ್ಲೇಮು ಸಲ್ಲಿಸಿದೆವು. ಬ್ಯಾಂಕಿನ ಅಡಮಾನ ನಮ್ಮ ಕರಾರಿಗಿಂತ ಹಳೆಯದಾಗಿದ್ದರಿಂದ ಕೊನೆಗೆ ಕೈಗೆ ಬಂದದ್ದು ಮುಂಗಡದ ಒಂದು ಭಾಗ.

ಬಾಕಿ ವಸೂಲಿಗೆಂದು ಬರುವ ಸರಬರಾಜುದಾರರಿಂದ ನಾನು ಮೊದಲು ಕೇಳುವುದು ಇನ್ವಾಯ್ಸ್‌ಗಳನ್ನಲ್ಲ, ಇಮೇಲ್‌ಗಳನ್ನು. ಬಾಕಿಯು ದಿವಾಳಿ ಅರ್ಜಿಗೆ ಬೇಕಾದ 1 ಕೋಟಿ ರೂಪಾಯಿ ಮುಟ್ಟಿದ್ದರೂ, ಡಿಮ್ಯಾಂಡ್ ನೋಟೀಸಿಗೆ ಮೊದಲೇ ಸರಕಿನ ಗುಣಮಟ್ಟದ ಬಗ್ಗೆ ನಿಜವಾದ ತಕರಾರು ಎದ್ದಿದ್ದರೆ, ಸುಪ್ರೀಂ ಕೋರ್ಟಿನ 2017ರ ಮೊಬಿಲಾಕ್ಸ್ ತೀರ್ಪಿನ ಪ್ರಕಾರ ದಿವಾಳಿ ಸಂಹಿತೆಯ 9ನೇ ಕಲಮಿನ ಅರ್ಜಿ ನಿಲ್ಲದು. ಆಗ ದಾರಿ ವಾಣಿಜ್ಯ ನ್ಯಾಯಾಲಯದ್ದು. ಅಲ್ಲಿ ತುರ್ತು ಪರಿಹಾರ ಬೇಕಿಲ್ಲದಿದ್ದರೆ ದಾವೆಗೆ ಮುನ್ನ ಮಧ್ಯಸ್ಥಿಕೆ ಕಡ್ಡಾಯ. ಆ ನಿಯಮ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನಲ್ಲಿದೆ. ದಿವಾಳಿ ಸಂಹಿತೆಯ 12ಎ ಇರುವುದು ಅರ್ಜಿ ಹಿಂಪಡೆಯಲು. ಕಿರಿಯರು ಎರಡನ್ನೂ ಕಲಸಿಕೊಳ್ಳುತ್ತಾರೆ, ಅವರನ್ನು ದೂರುವಂತಿಲ್ಲ.

ಅರ್ಜಿ ಅಂಗೀಕಾರವಾದ ಮೇಲೆ ರಾಜಿ ಇಬ್ಬರ ನಡುವಿನ ಖಾಸಗಿ ವ್ಯವಹಾರವಾಗಿ ಉಳಿಯುವುದಿಲ್ಲ ಎಂಬುದನ್ನು ಬೈಜೂಸ್ ಪ್ರಕರಣದಲ್ಲಿ, 2024ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ಒತ್ತಿ ಹೇಳಿತು. ಸಾಲದಾತರ ಸಮಿತಿ ರಚನೆಯಾದ ಬಳಿಕ ಹಿಂಪಡೆಯಲು ಶೇ. 90 ಮತ ಬೇಕು. ಆದ್ದರಿಂದ ರಾಜಿಗೆ ಮನಸ್ಸಿರುವ ಕಂಪನಿಗಳಿಗೆ ನಾನು ಅಂಗೀಕಾರದ ಆದೇಶ ಬರುವ ಮುಂಚೆಯೇ ಮಾತು ಮುಗಿಸಿ, ಹಣ ಪಾವತಿಸಿ, ಜಂಟಿ ಮೆಮೊ ಸಲ್ಲಿಸಿಬಿಡಿ ಎನ್ನುತ್ತೇನೆ.