ಹೊಸ ಕೋಳಿನ ಹಾಡಹಗಲೇ ಗುಂಪಿಗೆ ಬಿಡಬೇಡಿ

ಹೋದ ತಿಂಗಳು ನನ್ ತಮ್ಮನ ಮನೆಗೆ ಹೋಗಿದ್ದೆ, ಅಲ್ಲಿ ನೋಡಿದ್ದು ಮನಸ್ಸಿಂದ ಹೋಗ್ತಾನೇ ಇಲ್ಲ, ಅದಕ್ಕೇ ಬರೀತಾ ಇದೀನಿ. ಅವನ ಸೊಸೆ ಸಂತೆಯಿಂದ ಒಂದು ನಾಟಿ ಯಾಟೆ, ಅಂದ್ರೆ ಹೆಣ್ಣು ಕೋಳಿ, ತಂದ್ಲು, ಒಳ್ಳೆ ಕೆಂಚು ಬಣ್ಣ, ಇನ್ನೇನು ಮೊಟ್ಟೆಗೆ ಬರೋ ವಯಸ್ಸು. ಹಿತ್ತಲಲ್ಲಿ ಏಳೆಂಟು ಕೋಳಿ ನುಚ್ಚು ತಿಂತಾ ಇದ್ವು, ಕಾಲಿನ ದಾರ ಬಿಚ್ಚಿ ಅವುಗಳ ಮಧ್ಯಕ್ಕೇ ಬಿಟ್ಟುಬಿಟ್ಲು, ಅದೂ ನಡುಮಧ್ಯಾಹ್ನ. ನಾನು ಕೈಕಾಲು ತೊಳ್ಕೊಂಡು ಬರೋ ಅಷ್ಟರಲ್ಲಿ ಆ ಯಾಟೆ ಬಟ್ಟೆ ಒಗೆಯೋ ಕಲ್ಲಿನ ಸಂದಿಗೆ ತಲೆ ತೂರಿಸ್ಕೊಂಡು ನಿಂತಿತ್ತು, ಜುಟ್ಟಿಂದ ರಕ್ತ ಇಳೀತಿತ್ತು. "ಬಿಡಿ ಅತ್ತೆ, ಎರಡು ದಿನಕ್ಕೆ ಹೊಂದ್ಕೊಳ್ತವೆ" ಅಂದ್ಲು. ನನ್ ಮಾತು ಕೇಳ್ಲಿಲ್ಲ. ಮೂರನೇ ದಿನ ಫೋನ್ ಬಂತು, ಸತ್ತೋಯ್ತು ಅಂತ.

ಕೋಳಿ ಸಾಕೋದು ಅಂದ್ರೆ ಕಾಳು ಹಾಕಿ ಮೊಟ್ಟೆ ಎತ್ಕೊಳೋದು ಅಂತ ತಿಳ್ಕೊಂಡಿದಾರೆ ಈಗಿನವ್ರು. ಹತ್ತು ನಿಮಿಷ ಮೆಟ್ಟಿಲ ಮೇಲೆ ಕೂತು ನೋಡಿ ಮೊದ್ಲು. ಗುಂಪಲ್ಲಿ ಒಂದು ಯಜಮಾನಿ ಇರುತ್ತೆ, ಅದು ಯಾರನ್ನ ಬೇಕಾದ್ರೂ ಕುಕ್ಕುತ್ತೆ, ಅದನ್ನ ಯಾವುದೂ ಕುಕ್ಕಲ್ಲ. ಎರಡನೇದು ಯಜಮಾನಿ ಒಂದನ್ನ ಬಿಟ್ಟು ಉಳಿದಿದ್ದನ್ನೆಲ್ಲ ಕುಕ್ಕುತ್ತೆ, ಹಂಗೇ ಇಳೀತಾ ಇಳೀತಾ ಕೊನೇದು ಎಲ್ಲರ ಹತ್ರಾನೂ ಕುಕ್ಕಿಸ್ಕೊಳ್ಳುತ್ತೆ, ಪಾಪ ಅದು ದೂರದಲ್ಲಿ ನಿಂತು ಉಳಿದ ಕಾಳು ಆರಿಸ್ಕೊಳ್ಳುತ್ತೆ. ಈ ಸಾಲು ಒಂದ್ಸಲ ಇತ್ಯರ್ಥ ಆದ್ರೆ ದಿನಾ ಜಗಳ ಇರಲ್ಲ, ಯಜಮಾನಿ ಕತ್ತು ಎತ್ತಿ ನೋಡಿದ್ರೆ ಸಾಕು ಉಳಿದವು ಜಾಗ ಬಿಡ್ತವೆ. ಹುಂಜದ ಲೆಕ್ಕ ಬೇರೆ, ಒಳ್ಳೆ ಹುಂಜ ಆದ್ರೆ ಹುಳ ಸಿಕ್ಕಿದಾಗ ತಾನು ನುಂಗದೆ ಕುಟ್ ಕುಟ್ ಅಂತ ಕರೆದು ಯಾಟೆ ಮುಂದೆ ಹಾಕುತ್ತೆ, ಹೆಣ್ಣುಗಳು ಕಿತ್ತಾಡ್ತಿದ್ರೆ ಮಧ್ಯ ನುಗ್ಗಿ ಬಿಡಿಸುತ್ತೆ.

ನಮ್ಮನೇಲಿ ಒಂದು ಬೂದಿ ಬಣ್ಣದ್ದಿತ್ತು, ಎಲ್ಲದಕ್ಕಿಂತ ಕೊನೇದು. ಅದನ್ನ ಕಾವಿಗೆ ಕೂರಿಸ್ದೆ, 21 ದಿನಕ್ಕೆ ಒಂಬತ್ತು ಮರಿ ಎಬ್ಬಿಸ್ಕೊಂಡು ಹೊರಗೆ ಬಂತು. ಯಜಮಾನಿ ಕರಿಯಾಟೆ ಎಂದಿನಂತೆ ಮರಿ ನುಚ್ಚಿಗೆ ಬಾಯಿ ಹಾಕೋಕೆ ಹೋಯ್ತು ನೋಡಿ, ಇದು ಪುಕ್ಕ ಅಷ್ಟೂ ಕೆದರ್ಕೊಂಡು ಎಗರಿ ಒದ್ದ ಏಟಿಗೆ ಕರಿಯಾಟೆ ಬೇಲಿ ತನಕ ಓಡ್ತು. ಅಷ್ಟು ದಿನ ತಲೆ ತಗ್ಗಿಸ್ಕೊಂಡು ಇದ್ದ ಕೋಳಿ ಅದು! ಹಿಂಗೆಲ್ಲ ಇರೋ ಸಂಸಾರಕ್ಕೆ ಒಂಟಿ ಯಾಟೆನ ತಂದು ಎಸೆದ್ರೆ ಅದರ ಗತಿ ಏನು, ನೀವೇ ಯೋಚ್ನೆ ಮಾಡಿ.

ಈಗ ಸೇರಿಸೋ ರೀತಿ ಹೇಳ್ತೀನಿ. ಮೊದ್ಲನೇದು, ಒಂದನ್ನ ಯಾವತ್ತೂ ತರಬೇಡಿ, ಎರಡು ತನ್ನಿ, ಏಟು ಹಂಚಿಹೋಗುತ್ತೆ, ಜೊತೆಗೂ ಒಂದು ಇರುತ್ತೆ. ತಂದ ಎರಡು ವಾರ ದೂರ ಇಡಿ, ಸಂತೆ ಕೋಳಿ ಕೊಕ್ಕರೆ ರೋಗ (ರಾಣಿಖೇತ್ ಅಂತಾರಲ್ಲ, ಅದು) ಹೊತ್ಕೊಂಡು ಬಂದ್ರೆ ಹಿತ್ತಲೇ ಖಾಲಿ ಆಗುತ್ತೆ. ನಿಮ್ಮ ಕೋಳಿಗೆ ಲಸಿಕೆ ಹಾಕ್ಸಿಲ್ಲ ಅಂದ್ರೆ ಇವತ್ತೇ ಪಶು ಆಸ್ಪತ್ರೆಗೆ ಹೋಗಿ ಕೇಳಿ. ಆಮೇಲೆ ಒಂದು ವಾರ ಬಿದಿರಿನ ಪಂಜರದಲ್ಲಿ ಹಾಕಿ ನುಗ್ಗೆ ಮರದ ನೆರಳಲ್ಲಿ, ಹಳೇ ಕೋಳಿಗಳು ಓಡಾಡೋ ಕಡೇನೇ ಇಡಿ. ಮುಖ ಕಾಣ್ಬೇಕು, ಕೊಕ್ಕು ತಾಗ್ಬಾರ್ದು. ಕೋಳಿ ಗುರುತು ಹಿಡಿಯೋದು ಮುಖ, ಜುಟ್ಟು ನೋಡೇ. ನಮ್ ಕರಿಯಾಟೆಗೆ ಹುಷಾರಿಲ್ದೆ ಹದಿನೈದು ದಿನ ಒಳಗಿಟ್ಟಿದ್ದೆ, ಜುಟ್ಟು ಬಾಡಿ ಒಂದು ಕಡೆಗೆ ಜೋತಿತ್ತು, ಹೊರಗೆ ಬಿಟ್ರೆ ಸ್ವಂತ ಗುಂಪೇ ಹೊಸಬಳು ಅನ್ನೋ ಹಂಗೆ ಮೇಲೆ ಬಿತ್ತು.

ವಾರ ಆದ್ಮೇಲೆ ರಾತ್ರಿ ಸೇರಿಸ್ಬೇಕು. ರಾತ್ರೀನೇ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣಲ್ಲ, ಕೂತ ಕಡೆಯಿಂದ ಅಲ್ಲಾಡಲ್ಲ. ಎಲ್ಲಾ ಗೂಡಿಗೆ ಸೇರಿ ಗುಜುಗುಜು ನಿಲ್ಲೋ ತನಕ ಕಾಯಿರಿ, ಊಟ ಮುಗಿಸ್ಕೊಂಡು ಹೋದ್ರೆ ಸರಿ ಇರುತ್ತೆ. ಮೊಬೈಲ್ ಟಾರ್ಚ್ ಹಾಕ್ಲೇಬೇಡಿ. ಮೊದ್ಲು ನೀರೊಲೆ ಬೂದಿ ಜರಡಿ ಹಿಡಿದು, ತಣ್ಣಗಾಗಿದೆಯಾ ಅಂತ ಕೈಯಿಟ್ಟು ನೋಡಿ, ಒಂದೊಂದು ಹಿಡಿ ಹಳೇವಕ್ಕೂ ಹೊಸವಕ್ಕೂ ಬೆನ್ನು, ರೆಕ್ಕೆ ಸಂದಿಗೆ ಸವರಿ, ಕಣ್ಣು ಮೂಗಿಗೆ ಹೋಗದ ಹಂಗೆ. ನಮ್ಮತ್ತೆ ಕಲಿಸಿದ್ದು ಇದು. ಎಲ್ಲರ ಮೈಯೂ ಒಂದೇ ಥರ ಬೂದಿ ಆದ್ರೆ ಬೆಳಿಗ್ಗೆ ಎದ್ದ ಗಳಿಗೇಲಿ ಹೊಸದು ಯಾವ್ದು ಅಂತ ತಡವರಿಸ್ತವೆ ಅನ್ನೋದು ಅವರ ಮಾತು, ಹೇನೂ ಕಡಿಮೆ ಆಗುತ್ತೆ.

ಹೊಸ ಯಾಟೆನ ಕಾಲು ಹಿಡಿದು ನೇತಾಡಿಸ್ಕೊಂಡು ಹೋಗಬೇಡಿ. ಎದೆ ಕೆಳಗೆ ಅಂಗೈ ಕೊಟ್ಟು, ಕಾಲೆರಡೂ ಬೆರಳ ಸಂದೀಲಿ ಬರೋ ಹಂಗೆ ಹಿಡಿದು, ಇನ್ನೊಂದು ಕೈಯಲ್ಲಿ ರೆಕ್ಕೆ ಒತ್ಕೊಂಡು, ತಲೆ ಮೇಲೆ ಸೆರಗು ಮುಚ್ಚಿ. ಉಸಿರು ಕಟ್ಟಬಾರ್ದು, ಬೆಳಕು ಬೀಳಬಾರ್ದು ಅಷ್ಟೆ. ಗೂಡಲ್ಲಿ ಕೋಳಿ ಕೂರೋಕೆ ಅಡ್ಡ ಕಟ್ಟಿದ ಗಳದ ಹತ್ರ ತಂದು ಕಾಲಿನ ಮುಂಭಾಗ ಮೆಲ್ಲಗೆ ಗಳಕ್ಕೆ ತಾಗಿಸಿ, ತಾನೇ ಬೆರಳು ಚಾಚಿ ಹತ್ತುತ್ತೆ, ನೂಕಬೇಡಿ. ಹತ್ತಿದ ತಕ್ಷಣ ಕೈ ತೆಗೀಬೇಡಿ, ಬೆನ್ನ ಮೇಲೆ ಇಟ್ಕೊಂಡೇ ನಿಂತಿರಿ, ಮೈ ಸಡಿಲ ಆಗಿ ಕೂತಿದ್ದು ಅಂಗೈಗೇ ಗೊತ್ತಾಗುತ್ತೆ. ಕೂರಿಸೋ ಜಾಗ ಯಜಮಾನಿ ಪಕ್ಕ ಅಲ್ಲ, ತುದೀಲೂ ಅಲ್ಲ, ಸಾಧು ಕೋಳಿ ಎರಡರ ಮಧ್ಯ. ಯಾವ್ದು ಎಲ್ಲಿ ಕೂರುತ್ತೆ ಅಂತ ಹಿಂದಿನ ದಿನವೇ ನೋಡಿಟ್ಟಿರ್ಬೇಕು. ಗಳಗಳೆಲ್ಲ ಒಂದೇ ಎತ್ತರಕ್ಕೆ ಕಟ್ಟಿ, ಮೇಲೊಂದು ಕೆಳಗೊಂದು ಕಟ್ಟಿದ್ರೆ ಮೇಲಿನದಕ್ಕೆ ದಿನಾ ಸಂಜೆ ರಂಪ.

ಬೆಳಿಗ್ಗೆ ಅವು ಕಣ್ಣು ಬಿಡೋ ಮೊದ್ಲೇ ನೀವು ಹಿತ್ತಲಲ್ಲಿರ್ಬೇಕು. ರಾಗಿ ಒಂದೇ ಕಡೆ ಸುರೀದೆ ನಾಕು ಕಡೆ ದೂರದೂರ ಎರಚಿ, ನೀರು ಎರಡು ಬಾನಿ ಇಡಿ, ಒಂದು ಕಟ್ಟು ಹರಿವೆ ಸೊಪ್ಪು ಎಗರಿ ಕುಕ್ಕೋ ಎತ್ತರಕ್ಕೆ ನೇತುಹಾಕಿ, ಅದರಲ್ಲೇ ಅರ್ಧ ಗಂಟೆ ಕಳೀತವೆ. ಓಡಿ ಅವಿತ್ಕೊಳೋಕೆ ಸೌದೆ ರಾಶಿನೋ ಒಡಕು ಮಂಕರಿನೋ ಇರ್ಲಿ. ಒಂದೆರಡು ಸಲ ಕುಕ್ಕೇ ಕುಕ್ತವೆ, ಪೊರಕೆ ಹಿಡ್ಕೊಂಡು ಓಡಬೇಡಿ, ಹೊಸದರ ಜಾಗ ಯಾವ್ದು ಅಂತ ಅವೇ ತೀರ್ಮಾನ ಮಾಡ್ಕೊಳ್ಳೋದು ಹಂಗೇ. ರಕ್ತ ಕಂಡ್ರೆ ಮಾತ್ರ ಒಂದು ನಿಮಿಷ ಬಿಡಬೇಡಿ, ಕೆಂಪು ಕಂಡ ಕಡೇಗೇ ಎಲ್ಲಾ ಕುಕ್ತವೆ. ಎತ್ಕೊಂಡು ಬಂದು ಅರಿಶಿನ ಬೇವಿನೆಣ್ಣೆ ಕಲಸಿ ಹಚ್ಚಿ, ಮೇಲೆ ಬಾಣಲೆ ತಳದ ಮಸಿ ಸವರಿ, ಕೆಂಪು ಮುಚ್ಚಿಹೋಗ್ಬೇಕು. ಗಾಯ ಒಣಗಿದ್ಮೇಲೆ ಮತ್ತೆ ರಾತ್ರಿ ಸೇರಿಸಿ.

ತಮ್ಮನ ಸೊಸೆಗೆ ಹೇಳಿದೀನಿ, ಮುಂದಿನ ಸಂತೇಲಿ ಎರಡು ಯಾಟೆ ತಗೊ, ಪಂಜರ ನಾನೇ ತರ್ತೀನಿ, ಸೇರಿಸೋ ದಿನ ರಾತ್ರಿ ನಿಮ್ಮನೇಲೇ ಉಳ್ಕೊತೀನಿ ಅಂತ. ಗಳ ಸಮ ಮಾಡಿ ಕಟ್ಟಿಸಿಡು ಅಂದಿದೀನಿ.