ಗಾಯದಲ್ಲಿ ಎಳೆ ಕಂಡರೆ ಮೊದಲು ಅದನ್ನು ತೆಗೆದು ಸುಟ್ಟು ನೋಡಿ
ಹೋದ ಚಳಿಗಾಲ ಅಮೆರಿಕದ ಫ್ರೀಮಾಂಟಿನಲ್ಲಿ ನನ್ನ ಮುಂಗೈ ಗಾಯದೊಳಗೆ ಒಂದು ನೀಲಿ ಎಳೆ ಕಂಡಿತು. ಎರಡು ತಿಂಗಳಿಂದ ತುರಿಕೆ. ರಾತ್ರಿ ಒಂದು ಗಂಟೆಗೆ ಫೋನಿನಲ್ಲಿ ಹುಡುಕಿದರೆ ಬಂದದ್ದು ‘ಮಾರ್ಗೆಲಾನ್ಸ್’, ಚರ್ಮದೊಳಗಿಂದಲೇ ಎಳೆ ಹುಟ್ಟುತ್ತವೆ ಎನ್ನಲಾಗುವ ಕಾಯಿಲೆ. ಮೇರಿ ಲೀಟಾವೋ ಎಂಬ ಅಮೆರಿಕನ್ ತಾಯಿ ಮಗನ ಹುಣ್ಣಿನಲ್ಲಿ ಬಣ್ಣಬಣ್ಣದ ಎಳೆ ಕಂಡು 2002ರಲ್ಲಿ ಇಟ್ಟ ಹೆಸರು. ಬಿಟಿ ಹತ್ತಿಯಂಥ, ಜೀನ್ ತಿದ್ದಿದ ಕುಲಾಂತರಿ ಬೆಳೆಯೇ ಕಾರಣ ಅನ್ನುವವರೂ ಇದ್ದಾರೆ. ರಾಣೆಬೆನ್ನೂರಿಗೆ ಫೋನ್ ಹಚ್ಚಿದೆ. “ಬಿಟಿ ಹತ್ತಿ ಬಿಡಸಾಕ ಹತ್ತಿ ಇಪ್ಪತ್ತ್ ವರ್ಷ ಆತು, ನನ್ನ ಮೈಯಾಗ ಒಂದ್ ಎಳಿನೂ ಎದ್ದಿಲ್ಲೋ” ಅಂದರು ಅಪ್ಪ. ಅದೇನು ಪುರಾವೆಯಲ್ಲ, ಆದರೆ ನಿದ್ದೆ ಬಂತು.

ನಿಮಗೂ ಹೀಗಾದರೆ ಗಾಯ ಕೆದಕಬೇಡಿ. ಸೋಪು ನೀರಲ್ಲಿ ತೊಳೆದು, ಮೇಲಿರುವ ಎಳೆಯನ್ನಷ್ಟೇ ಚಿಮಟದಲ್ಲಿ ತೆಗೆಯಿರಿ. ಗಾಜ್ ಬಟ್ಟೆ ಕಟ್ಟಬೇಡಿ, ಅದೇ ನೂಲು ಉದುರಿಸುತ್ತದೆ. ಅಂಟುವ ಪ್ಲಾಸ್ಟಿಕ್ ಬ್ಯಾಂಡೇಜ್ ಹಾಕಿ. ಒಂದು ಎಳೆ ಡಾಕ್ಟರಿಗೆಂದು ಇಟ್ಟುಕೊಂಡು, ಉಳಿದ ಎರಡು ಮೂರನ್ನು ಹೊಸೆದು ಚಿಮಟದಲ್ಲಿ ಹಿಡಿದು, ಸಿಂಕಿನ ಮೇಲೆ ಕಡ್ಡಿ ಗೀರಿ ಸುಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕೂದಲು ಸುಟ್ಟ ಕಮಟು ಬಂದರೆ ಕೂದಲು, ಉಣ್ಣೆ ಅಥವಾ ರೇಷ್ಮೆ. ಮಗಳ ಆಟಿಕೆ ಸೂಕ್ಷ್ಮದರ್ಶಕದಲ್ಲಿ ನನ್ನ ಎಳೆ ತಿರುಚಿದ ರಿಬ್ಬನ್ನಿನಂತೆ ಕಂಡಿತು, ಅಂದರೆ ಹತ್ತಿ. ಪಕ್ಕದಲ್ಲಿ ನೀಲಿ ಟವೆಲಿನ ನೂಲಿಟ್ಟೆ. ಅಣ್ಣತಮ್ಮಂದಿರಂತೆ ಇದ್ದವು!

ಕುಲಾಂತರಿ ಸಂಶಯಕ್ಕೂ ಒಂದು ಬೇರಿದೆ. ಅಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಗಿಡದೊಳಕ್ಕೆ ಜೀನ್ ತೂರಿಸುತ್ತದೆ. ಬಿಟಿ ಹತ್ತಿ ಮಾಡಿದ್ದೂ ಅದರಿಂದಲೇ. 2001ರಲ್ಲಿ ಪ್ರಯೋಗಾಲಯದ ತಟ್ಟೆಯಲ್ಲಿ ಅದು ಮನುಷ್ಯನ ಜೀವಕೋಶಕ್ಕೂ ಜೀನ್ ದಾಟಿಸಿತು. ತಟ್ಟೆಯಿಂದ ಚರ್ಮಕ್ಕೆ ಜನ ಒಂದೇ ನೆಗೆತಕ್ಕೆ ಹಾರಿದರು. ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಉತ್ತರ ಕ್ಯಾಲಿಫೋರ್ನಿಯಾದ 115 ಜನರನ್ನು ಗುರುತಿಸಿ ನಡೆಸಿದ ಅಧ್ಯಯನ 2012ರಲ್ಲಿ ಹೊರಬಂತು: ಎಳೆಗಳು ಬಹುಪಾಲು ಹತ್ತಿ, ಸೋಂಕಿನ ಕಾರಣ ಸಿಗಲಿಲ್ಲ. ಬೊರೆಲಿಯಾ ಎಂಬ ಬ್ಯಾಕ್ಟೀರಿಯಾದ ಕಡೆ ಬೆರಳು ತೋರಿಸುವ ಸಂಶೋಧಕರೂ ಇದ್ದಾರೆ. ಬಹುತೇಕ ಚರ್ಮವೈದ್ಯರು ಒಪ್ಪಿಲ್ಲ.

ಎಳೆ ಬಟ್ಟೆಯದಾದರೂ ತುರಿಕೆ ಸುಳ್ಳಲ್ಲ. ನಾನು ಮೊದಲು ಹೋದ ಕಡೆ ಎಳೆಯ ಡಬ್ಬಿ ತೆಗೆದ ತಕ್ಷಣ ಡಾಕ್ಟರ ಮುಖ ಬದಲಾಯಿತು. ಚರ್ಮವೈದ್ಯರಲ್ಲಿ ಇದೊಂದು ಹಳೇ ಗುರುತಂತೆ: ಬೆಂಕಿಪೊಟ್ಟಣದಲ್ಲಿ ‘ಹುಳ’ ತರುವವನಿಗೆ ಭ್ರಮೆ. ಹಾಗಾಗಿ ಡಬ್ಬಿ ಕೊನೆಗೆ ತೆಗೆಯಿರಿ. ಮೊದಲು ಕಜ್ಜಿ ಹುಳಕ್ಕೆ ಚರ್ಮ ಕೆರೆದು ನೋಡಲು, ಸಕ್ಕರೆ, ಥೈರಾಯ್ಡ್, ಕಿಡ್ನಿ, ಲಿವರ್, ಕಬ್ಬಿಣಾಂಶ ಪರೀಕ್ಷಿಸಲು ಕೇಳಿ. ಬ್ಲೀಚ್, ದನದ ಹುಳದ ಔಷಧಿ ಹಚ್ಚಬೇಡಿ. ಭ್ರಮೆಗೆ ಕೊಡುವ ರಿಸ್ಪೆರಿಡೋನ್ ಥರದ ಮಾತ್ರೆ ಬರೆದರೆ ಚೀಟಿ ಹರಿಯಬೇಡಿ, ಯಾಕೆಂದು ಕೇಳಿ, ಅದರಿಂದ ಗುಣವಾದವರಿದ್ದಾರೆ. ನನ್ನದು ಹೀಟರಿನ ಒಣಗಾಳಿಗೆ ಬಂದ ಎಕ್ಸಿಮಾ. ಮುಲಾಮು ಹಚ್ಚಿ ಮೂರು ವಾರಕ್ಕೆ ಆರಿತು.