ಬೈಕಿನ ರೈಸ್ ಹಿಡಿದು ಹಿಡಿದು ಕೈ ಜೋಮು ಬಂತು, ಕೊನೆಗೆ ಥ್ರಾಟಲ್ ಲಾಕ್ ಹಾಕಿಸ್ದೆ

ನಮ್ಮನೆಯವಳ ತವರು ಹುಬ್ಬಳ್ಳಿ. ತುಮಕೂರಿಂದ ಹೆಚ್ಚುಕಮ್ಮಿ 340 ಕಿಲೋಮೀಟ್ರು, ಉದ್ದಕ್ಕೂ ಎನ್‌ಎಚ್ 48. ವರ್ಷಕ್ಕೆ ನಾಕೈದು ಸಲ ಹೋಗೋದಿರುತ್ತೆ, ನಾನು ಬೈಕಲ್ಲಿ, ಅವಳು ಮಗಳನ್ನ ಕರ್ಕೊಂಡು ಟ್ರೈನಲ್ಲಿ, ಇದು ಮದುವೆ ಆದಾಗಿಂದ ಇರೋ ಒಪ್ಪಂದ. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411. ಸಿಂಗಲ್ ಸಿಲಿಂಡರ್ ಅಂದ್ಮೇಲೆ ಹ್ಯಾಂಡಲಲ್ಲಿ ಸಣ್ಣಗೆ ಜುಮುಜುಮು ಇದ್ದಿದ್ದೇ, ಅದು ಗಾಡಿ ತಪ್ಪಲ್ಲ. ಆದ್ರೆ ಹಿಂದಿನ ದಸರಾ ಟೈಮಲ್ಲಿ ರಾಣೆಬೆನ್ನೂರು ಹತ್ರ ಟೀಗೆ ನಿಲ್ಲಿಸಿ ಜೇಬಿಂದ ಇಪ್ಪತ್ತು ರೂಪಾಯಿ ನೋಟು ತೆಗೀತಿದೀನಿ, ಬಲಗೈ ಹೆಬ್ಬೆಟ್ಟಿಗೂ ತೋರುಬೆರಳಿಗೂ ನೋಟು ಸಿಕ್ಕಿದ್ಯಾ ಇಲ್ವಾ ಅಂತಾನೇ ಗೊತ್ತಾಗ್ತಿಲ್ಲ. ನೋಟು ಗಾಳಿಗೆ ಹಾರ್ಕೊಂಡು ಹೋಯ್ತು, ಟೀ ಅಂಗಡಿ ಹುಡುಗ ಓಡೋಗಿ ಹಿಡ್ಕೊಂಡು ಬಂದು ಕೊಟ್ಟ, ಕೊಡ್ತಾ ನನ್ನ ಮುಖ ಒಂಥರಾ ನೋಡ್ದ, ಬೆಳಿಗ್ಗೆನೇ ಹಾಕ್ಕೊಂಡಿದಾನೆ ಅನ್ಕೊಂಡಿರ್ತಾನೆ.

ಊರಿಗೆ ವಾಪಸ್ ಬಂದು ಫಿಸಿಯೋಥೆರಪಿಸ್ಟ್ ಹತ್ರ ತೋರಿಸ್ದೆ. ಅವರು ಒಂದು ಬೆಲನ್ನು ಅಂದ್ರೆ ನಮ್ಮ ಚಪಾತಿ ಲಟ್ಟಣಿಗೆನೇ ಕೈಗೆ ಕೊಟ್ಟು ಬೈಕ್ ಓಡಿಸೋ ತರ ಹಿಡ್ಕೊಳ್ಳಿ ಅಂದ್ರು. ಹಿಡ್ಕೊಂಡೆ. ಮಣಿಕಟ್ಟು ಹಿಂದಕ್ಕೆ ಮಡಚಿ ಗಟ್ಟಿಯಾಗಿ ಅದುಮಿದೀನಿ. ಹೆಬ್ಬೆಟ್ಟು ತೋರುಬೆರಳಿಗೆ ಹೋಗೋ ನರ ಮಣಿಕಟ್ಟೊಳಗೆ ಒಂದು ಇಕ್ಕಟ್ಟು ಸಂದೀಲಿ ಹಾದು ಹೋಗುತ್ತಂತೆ, ಕೈ ಹಂಗೆ ಮಡಚಿಟ್ರೆ ಅದು ಅದುಮಿ ಹೋಗುತ್ತೆ, ಮೇಲಿಂದ ವೈಬ್ರೇಶನ್ ಬೇರೆ. ಎಕ್ಸರ್‌ಸೈಜ್ ಹೇಳ್ಕೊಟ್ರು, ಒಂದೇ ಭಂಗೀಲಿ ಕೈ ಇಡಬೇಡಿ ಅಂದ್ರು. ಸರಿ, ರೈಸ್ ಹಿಡಿದಿರೋ ಕೈನ ಹೆಂಗೆ ಬದಲಾಯಿಸೋದು? ಎಡಗೈಯಾದ್ರೆ ತೊಡೆ ಮೇಲೆ ಇಟ್ಕೋಬಹುದು. ಬಲಗೈ ಬಿಟ್ರೆ ಗಾಡಿ ನಿಂತೇ ಹೋಗುತ್ತಲ್ಲ.

ಬಟವಾಡಿಲಿ ನಮ್ಮ ಗಾಡಿ ನೋಡೋ ಮೆಕ್ಯಾನಿಕ್ ಹುಡುಗನ ಹತ್ರ ಹೋಗಿ ಕೈ ತೆಗೆದ್ರೂ ರೈಸ್ ಹಂಗೇ ನಿಲ್ಲೋ ತರ ಏನಾದ್ರೂ ಲಾಕ್ ಹಾಕಪ್ಪ ಅಂದೆ. ಅವನು ಗಾಡಿ ಆಫ್ ಇದ್ದಾಗಲೇ ರೈಸ್ ಪೂರ್ತಿ ತಿರುಗಿಸಿ ಬಿಟ್ಟ. ಟಪ್ ಅಂತ ವಾಪಸ್ ಬರ್ಬೇಕಿತ್ತು, ನಂದು ಸೋಮಾರಿ ತರ ಮೆಲ್ಲಗೆ ಬಂತು. "ಸಾ, ಲಾಕು ಆಮೇಲೆ ಹಾಕ್ಸೋರಂತೆ, ಮೊದ್ಲು ಇದ್ರಾಗೆ ಇರೋ ಮಣ್ಣು ತೆಗೀವ" ಅಂದ. ಗ್ರಿಪ್ ಪೈಪ್ ಎಳೆದ್ರೆ ಒಳಗೆ ಮಣ್ಣು ಗ್ರೀಸು ಸೇರಿ ಕರೀ ಪೇಸ್ಟ್ ಆಗಿ ಕೂತಿತ್ತು. ಅದನ್ನ ಸೀಮೆಎಣ್ಣೆ ಬಟ್ಟೇಲಿ ಒರೆಸಿ, ಕೇಬಲ್ ಮೇಲ್ತುದಿಗೆ ಪ್ಲಾಸ್ಟಿಕ್ ಕವರಿನ ಮೂಲೆ ಕಟ್ಟಿ ಅದರೊಳಗೆ ನಾಕು ಹನಿ ಎಣ್ಣೆ ಬಿಟ್ಟು ನೇತಾಕ್ದ, ಅರ್ಧ ಗಂಟೆ ಆದ್ಮೇಲೆ ಕೆಳಗಿಂದ ಕಪ್ಪು ನೀರು ತೊಟ್ಟಿಕ್ತು. ಕೇಬಲಿನ ಆಟ ಅಂದ್ರೆ ಸಡಿಲಾನ ಎರಡು ಮೂರು ಮಿಲಿಮೀಟರ್‌ಗೆ ಸೆಟ್ ಮಾಡಿ, ಹ್ಯಾಂಡಲ್ ಬಾರನ್ನ ಒಂಚೂರು ಮೇಲಕ್ಕೆ ತಿರುಗಿಸಿ, ಬ್ರೇಕ್ ಲಿವರ್ ಕೋನ ಸ್ವಲ್ಪ ಕೆಳಗೆ ಮಾಡ್ದ. ಇಷ್ಟಕ್ಕೇ ನನ್ನ ನೋವು ಅರ್ಧ ಹೋಯ್ತು ಅಂದ್ರೆ ನಂಬ್ತೀರಾ? ಲಾಕ್ ಹುಡುಕೋರು ಮೊದ್ಲು ಇದನ್ನ ಮಾಡಿಸಿ, ಇನ್ನೂರು ಮುನ್ನೂರು ರೂಪಾಯಲ್ಲಿ ಮುಗಿಯುತ್ತೆ. ಇನ್ನೊಂದು ವಿಷ್ಯ, ತಾನಾಗೇ ವಾಪಸ್ ಬರದೇ ಇರೋ ರೈಸಿಗೆ ಲಾಕ್ ಹಾಕ್ಸೋದು ಅಂದ್ರೆ ಅಪಾಯಾನ ದುಡ್ಡು ಕೊಟ್ಟು ತಂದಂಗೆ.

ಉಳಿದರ್ಧ ನೋವಿಗೆ ಮೊದ್ಲು ತಂದಿದ್ದು ಅಂಗೈ ಇಡೋ ಪಟ್ಟಿ, ಥ್ರಾಟಲ್ ರಾಕರ್ ಅಂತಾರೆ. ಗ್ರಿಪ್ಪಿಗೆ ಸುತ್ತಿ ಕೂರಿಸೋ ಪ್ಲಾಸ್ಟಿಕ್ಕು, ಹಿಂದಕ್ಕೆ ನಾಲಗೆ ತರ ಚಾಚಿರುತ್ತೆ, ಬೆರಳು ಬಿಚ್ಚಿ ಅಂಗೈ ಅದರ ಮೇಲೆ ಒತ್ತಿದ್ರೆ ಸಾಕು ರೈಸ್ ಹಂಗೇ ನಿಲ್ಲುತ್ತೆ. ಹೈವೇಲಿ ನಿಜವಾಗ್ಲೂ ಆರಾಮು. ಆದ್ರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಯು ಟರ್ನ್ ತಗೊಳ್ಳೋವಾಗ ಮುಂದಿನ ಬ್ರೇಕ್ ಹಿಡಿಯಕ್ಕೆ ಬೆರಳು ಚಾಚಿದೀನಿ, ಅಂಗೈ ಆ ನಾಲಗೆ ಮೇಲೆ ಬಿತ್ತು, ಬ್ರೇಕೂ ರೈಸೂ ಒಟ್ಟಿಗೆ, ಗಾಡಿ ಕುಪ್ಪಳಿಸಿ ಪಕ್ಕದ ಆಟೋದ ಇಂಡಿಕೇಟರಿಗೆ ನಾಕು ಬೆರಳು ದೂರದಲ್ಲಿ ನಿಂತ್ಕೊಂತು. ಆಟೋದೋನು ಅಂದಿದ್ದನ್ನ ಇಲ್ಲಿ ಬರೆಯಕ್ಕಾಗಲ್ಲ. ಆಮೇಲೆ ಪಟ್ಟಿನ ಊರೊಳಗೆ ಕೆಳಕ್ಕೆ ತಿರುಗಿಸಿ, ಊರು ದಾಟಿದ್ಮೇಲೆ ಮೇಲಕ್ಕೆ ಮಾಡ್ಕೊಳ್ತಿದ್ದೆ, ಅದೂ ಎರಡು ತಿಂಗಳಿಗೆ ಸಾಕಾಯ್ತು.

ಆಮೇಲೆ ಓ ರಿಂಗ್ ಪ್ರಯೋಗ. ಅಂತರಸನಹಳ್ಳಿ ಕಡೆ ಪಂಪ್‌ಸೆಟ್ ಸ್ಪೇರ್ ಅಂಗಡೀಲಿ ಹತ್ತು ರೂಪಾಯಿಗೆ ಸಿಗುತ್ತೆ. ಗ್ರಿಪ್ಪಿಗೂ ಬಾರ್ ಎಂಡಿಗೂ (ಹ್ಯಾಂಡಲ್ ತುದೀಲಿರೋ ತೂಕ) ಮಧ್ಯೆ ಆ ರಬ್ಬರ್ ಬಳೆನ ತಳ್ಳಿದ್ರೆ ಉಜ್ಜಿ ಹಿಡ್ಕೊಳ್ಳುತ್ತೆ, ಹಿಂದಕ್ಕೆ ಎಳೆದ್ರೆ ಬಿಡುತ್ತೆ. ಬುದ್ಧಿವಂತಿಕೆ ಏನೋ ಹೌದು, ಆದ್ರೆ ಏಪ್ರಿಲ್ ಬಿಸಿಲಲ್ಲಿ ಸೀಬಿ ಹತ್ರ ರಬ್ಬರ್ ಮೆತ್ತಗಾಗಿ ಸಂದಿಗೆ ಸಿಕ್ಕಾಕ್ಕೊಂಡು ಎಳೆದ್ರೂ ಬರ್ಲಿಲ್ಲ. ಕೈಯಲ್ಲಿ ಬಲವಂತವಾಗಿ ರೈಸ್ ಮುಚ್ಚಿ ಪಕ್ಕಕ್ಕೆ ಹಾಕಿ ಬ್ಲೇಡಲ್ಲಿ ಕುಯ್ದು ಬಿಸಾಕ್ದೆ.

ಅಷ್ಟೊತ್ತಿಗೆ ಸ್ನೇಹಿತನೊಬ್ಬ ಕ್ರೂಸ್ ಕಂಟ್ರೋಲ್ ಇರೋ ಅಪಾಚಿ ಆರ್‌ಟಿಆರ್ 310 ತಗೊಂಡಿದ್ದ, ಹಿರಿಯೂರು ತನಕ ಓಡಿಸಕ್ಕೆ ಕೊಟ್ಟ. ಅಲ್ಲಿ ಗೊತ್ತಾಗಿದ್ದು ಲಾಕೇ ಬೇರೆ ಕ್ರೂಸೇ ಬೇರೆ ಅಂತ. ಎಂಬತ್ತಕ್ಕೆ ಸೆಟ್ ಮಾಡಿದ್ರೆ ಏರು ಬಂದ್ರೂ ಇಳಿಜಾರು ಬಂದ್ರೂ ಎಂಬತ್ತೇ, ಬ್ರೇಕೋ ಕ್ಲಚ್ಚೋ ಮುಟ್ಟಿದ ತಕ್ಷಣ ಬಿಟ್ಕೊಡುತ್ತೆ. ಲಾಕಿಗೆ ಸ್ಪೀಡ್ ಅಂದ್ರೇನು ಅಂತಾನೇ ಗೊತ್ತಿಲ್ಲ, ಗ್ರಿಪ್ ಎಲ್ಲಿ ನಿಲ್ಲಿಸಿದ್ರಿ ಅಲ್ಲಿ ಹಿಡ್ಕೊಂಡಿರುತ್ತೆ ಅಷ್ಟೇ, ಬ್ರೇಕ್ ಹಾಕಿದ್ರೂ ಅದು ಬಿಡಲ್ಲ, ನೀವೇ ಗ್ರಿಪ್ ಮುಚ್ಚಬೇಕು. ಹಂಗಾದ್ರೆ ನನ್ನ ಗಾಡಿಗೂ ಕ್ರೂಸ್ ಹಾಕ್ಸೋಣ ಅಂದ್ರೆ, ಆ ಗಾಡೀಲಿ ಕೇಬಲ್ ಇಲ್ಲ, ಗ್ರಿಪ್ ತಿರುಗಿಸಿದ್ರೆ ಸೆನ್ಸರ್ ಇಸಿಯುಗೆ, ಅಂದ್ರೆ ಎಂಜಿನ್ ನೋಡ್ಕೊಳ್ಳೋ ಕಂಪ್ಯೂಟರಿಗೆ ಹೇಳುತ್ತೆ, ಅದು ಮೋಟರಲ್ಲಿ ಥ್ರಾಟಲ್ ತೆಗೆಯುತ್ತೆ, ಹಂಗಾಗಿ ಕ್ರೂಸ್ ಕೊಡೋದು ಕಂಪನಿಯೋರಿಗೆ ಸಲೀಸು. ನಂದು ಕೇಬಲ್ ಗಾಡಿ. ಕೇಬಲ್ ಎಳೆಯೋ ಮೋಟರ್ ಇರೋ ಕ್ರೂಸ್ ಕಿಟ್ಟೂ ಹೊರದೇಶದಲ್ಲಿ ಸಿಗುತ್ತೆ, ಬೆಲೆ ನೋಡಿ ಫೋನ್ ಕೆಳಗಿಟ್ಟೆ.

ಹಂಗಾಗಿ ಉಳಿದಿದ್ದು ಉಜ್ಜಿ ಹಿಡಿಯೋ ಲಾಕುಗಳು, ಅದರಲ್ಲಿ ಎರಡು ಜಾತಿ. ಒಂದು ಬಾರ್ ಎಂಡ್ ತೂಕದ ಜಾಗದಲ್ಲಿ ಕೂರೋದು, ದಕ್ಷಿಣ ಆಫ್ರಿಕಾದ ಕಾವೊಕೊ ತರದ್ದು, ಕಿರುಬೆರಳಲ್ಲಿ ನಟ್ ತಿರುಗಿಸಿದ್ರೆ ಬಿಗಿ ಆಗುತ್ತೆ. ನೋಡಕ್ಕೆ ನೀಟು, ಆದ್ರೆ ನನ್ನ ಹ್ಯಾಂಡ್‌ಗಾರ್ಡಿನ ಬೋಲ್ಟು ಅದೇ ತೂತಲ್ಲಿ ಕೂತಿದೆ. ಗಾಡಿ ಬಿದ್ದಾಗ ಲಿವರ್ ಉಳಿಸಿರೋ ಹ್ಯಾಂಡ್‌ಗಾರ್ಡನ್ನ ತೆಗೆಯಕ್ಕೆ ಮನಸ್ಸಾಗ್ಲಿಲ್ಲ. ಇನ್ನೊಂದು ಅಮೆರಿಕದ ಅಟ್ಲಾಸ್ ತರದ್ದು, ಗ್ರಿಪ್ಪಿಗೂ ಸ್ವಿಚ್ ಡಬ್ಬಿಗೂ ಮಧ್ಯೆ ತೆಳ್ಳಗೆ ಕ್ಲ್ಯಾಂಪ್ ಆಗಿ ಕೂರುತ್ತೆ, ಹೆಬ್ಬೆಟ್ಟಿಗೆ ಎರಡು ಬಟನ್, ಒಂದು ಒತ್ತಿದ್ರೆ ಹಿಡ್ಕೊಳ್ಳುತ್ತೆ ಇನ್ನೊಂದು ಒತ್ತಿದ್ರೆ ಬಿಡುತ್ತೆ, ಬಟನ್ ಮರೆತು ಕೈಯಲ್ಲೇ ತಿರುಗಿಸಿದ್ರೂ ತಿರುಗುತ್ತೆ. ಇಲ್ಲಿಗೆ ತರಿಸಿದ್ರೆ ಹತ್ತು ಸಾವಿರ ದಾಟ್ತಿತ್ತು. ಅದೇ ಮಾದರೀದು ಆನ್‌ಲೈನಲ್ಲಿ 700 ರೂಪಾಯಿಗೆ ಸಿಕ್ತು ಅಂತ ಒಂದು ತರಿಸಿದ್ದೆ, ಬಟನ್ ಸ್ಪ್ರಿಂಗು ಮನೇಲಿ ಕೈಯಲ್ಲೇ ಕಿತ್ಕೊಂಡು ಬಂತು, ಗಾಡಿಗೆ ಹಾಕೋ ಮುಂಚೆ ಬಂದಿದ್ದೇ ಪುಣ್ಯ. ಕೊನೆಗೆ ನಮ್ಮಕ್ಕನ ಮಗ ಅಮೆರಿಕದಿಂದ ಬರೋನಿದ್ದ. ಮಾವ ಏನು ತರ್ಲಿ ಅಂದ. ಚಾಕ್ಲೇಟ್ ಬೇಡಪ್ಪಾ ಅಂದು ಕ್ಲ್ಯಾಂಪ್ ಮಾದರೀದೇ ಒಂದರ ಹೆಸರು ಕಳಿಸ್ದೆ.

ಹಾಕ್ಸೋ ದಿನ ಸಮಸ್ಯೆ ಆಗಿದ್ದು ಸಂದಿ. ಗ್ರಿಪ್ಪು ವರ್ಷಗಟ್ಲೆ ತಿರುಗಿ ತಿರುಗಿ ಸ್ವಿಚ್ ಡಬ್ಬಿಗೆ ಆತ್ಕೊಂಡು ಕೂತಿತ್ತು. ಮೆಕ್ಯಾನಿಕ್ ಗ್ರಿಪ್ಪನ್ನ ಎರಡು ಮಿಲಿಮೀಟರ್ ಆಚೆ ಸರಿಸಿ, ಕ್ಲ್ಯಾಂಪ್ ಕೂರಿಸಿ, ನನ್ನ ವಿಸಿಟಿಂಗ್ ಕಾರ್ಡನ್ನೇ ಸಂದೀಲಿ ಎಳೆದು ಸಲೀಸಾಗಿ ಬರುತ್ತಾ ಅಂತ ನೋಡ್ದ. ಆಮೇಲೆ ಮೈನ್ ಸ್ಟ್ಯಾಂಡ್ ಹಾಕಿ ಲಾಕ್ ಬಿಟ್ಟಿರೋವಾಗ ಹತ್ತು ಸಲ ರೈಸ್ ಬಿಟ್ಟು ನೋಡ್ದ, ಹತ್ತೂ ಸಲ ಟಪ್. ಹ್ಯಾಂಡಲ್ ಎಡಕ್ಕೆ ಕೊನೆ ತನಕ ಬಲಕ್ಕೆ ಕೊನೆ ತನಕ ತಿರುಗಿಸಿ ಐಡ್ಲಿಂಗ್ ಏರಲ್ಲ ಅಂತ ನೋಡ್ದ. ಲಾಕ್ ಹಾಕಿದಾಗ ಎಷ್ಟು ಬಿಗಿ ಇರ್ಬೇಕು ಅಂದ್ರೆ, ಕೈ ತೆಗೆದ್ರೆ ನಿಲ್ಲಬೇಕು, ಎರಡು ಬೆರಳಲ್ಲಿ ತಿರುಗಿಸಿದ್ರೆ ಮುಚ್ಚಬೇಕು. ಕೈತುಂಬ ಹಿಡಿದು ತಿರುಗಿಸಬೇಕಾದ್ರೆ ಅದು ಜಾಸ್ತಿ ಆಯ್ತು.

ಈಗ ಹೆಂಗೆ ಬಳಸ್ತೀನಿ ಅಂದ್ರೆ, ಶಿರಾ ದಾಟಿದ್ಮೇಲೆ ರೋಡು ಖಾಲಿ ಕಂಡ್ರೆ ಒಂದು ನಿಮಿಷ, ಹೆಚ್ಚಂದ್ರೆ ಎರಡು. ಈ ಹೈವೇಲಿ ಬೈಕಿಗೆ 80ರ ಲಿಮಿಟ್ಟು, ಅಂದ್ರೆ ಸೆಕೆಂಡಿಗೆ 22 ಮೀಟರ್, ಊರೂರಿಗೂ ಡಿವೈಡರ್ ಬಿಟ್ಟಿರ್ತಾರೆ, ಟ್ರ್ಯಾಕ್ಟರು ಉಲ್ಟಾ ಬರ್ತಿರುತ್ತೆ, ಹಂಗಾಗಿ ಕೈ ಒದರಿ, ಬೆರಳು ಹತ್ತು ಸಲ ಮುಚ್ಚಿ ಬಿಚ್ಚಿ, ಮತ್ತೆ ಬ್ರೇಕ್ ಮೇಲೆ ಬಂದ್ಬಿಡ್ಬೇಕು. ಲಾಕಲ್ಲಿಟ್ರೆ ಸಣ್ಣ ಏರಿಗೂ ನಂದು 80ರಿಂದ 72ಕ್ಕೆ ಬೀಳುತ್ತೆ, ಇಳಿಜಾರಲ್ಲಿ 88 ಆಗುತ್ತೆ, ಹೆಬ್ಬೆಟ್ಟಲ್ಲಿ ಒಂಚೂರು ತಳ್ಳಿ ಸರಿ ಮಾಡ್ಕೊಳ್ಳೋದು ಅಭ್ಯಾಸ ಆಗಿದೆ. ಮಳೇಲಿ, ಕತ್ತಲಾದ್ಮೇಲೆ, ಚಿತ್ರದುರ್ಗದ ಗಾಳಿ ಫ್ಯಾನ್ ಸಾಲು ಕಾಣ್ಸೋ ಕಡೆ ಅಡ್ಡಗಾಳಿ ಎದ್ದಿದ್ರೆ, ಬಟನ್ ಮುಟ್ಟೋದೇ ಇಲ್ಲ. ಹಿಂದೆ ಯಾರಾದ್ರೂ ಕೂತಿದ್ರೂ ಅಷ್ಟೇ, ಮಗಳು ಒಂದ್ಸಲ ನೋಡ್ಬಿಟ್ಟು ಅಪ್ಪ ಕೈ ಬಿಟ್ಟು ಓಡಿಸ್ತಾರೆ ಅಂತ ಅಜ್ಜಿಗೆ ಹೇಳಿ ಹುಬ್ಬಳ್ಳೀಲಿ ದೊಡ್ಡ ಪಂಚಾಯ್ತಿ ಆಗಿತ್ತು.

ಮೂರು ಸಾವಿರ ಕಿಲೋಮೀಟರ್ ಆದ್ಮೇಲೆ ಕ್ಲ್ಯಾಂಪ್ ಸಡಿಲ ಆಗಿ ಒಂದಿನ ಗ್ರಿಪ್ ಜೊತೆಗೇ ಸುತ್ತಕ್ಕೆ ಶುರು ಮಾಡ್ತು. ತಪ್ಪು ನಂದೇ, ಸ್ಕ್ರೂಗೆ ಥ್ರೆಡ್ ಲಾಕ್ ಗೋಂದು ಹಚ್ಚಿಸಿರ್ಲಿಲ್ಲ. ಈಗ ನೀಲಿ ಗೋಂದು ಹಚ್ಚಿ, ಸ್ಕ್ರೂ ತಲೆಯಿಂದ ಕ್ಲ್ಯಾಂಪ್ ಮೇಲಕ್ಕೆ ಬಿಳಿ ಪೇಂಟಲ್ಲಿ ಒಂದು ಗೆರೆ ಎಳೆದಿದೀನಿ. ಪೆಟ್ರೋಲ್ ಹಾಕ್ಸೋವಾಗೆಲ್ಲ ಗೆರೆ ನೆಟ್ಟಗಿದ್ಯಾ ಅಂತ ಒಂದ್ಸಲ ಬಗ್ಗಿ ನೋಡ್ತೀನಿ.